ಅರವತ್ತಮೂರನೇ ಪ್ರಶ್ನೆಯಲ್ಲಿ ನಿಂತ ಕೀಬೋರ್ಡ್

ದೀಪ ಹತ್ತಲಿಲ್ಲ.

ಸಾಬಿರಾ ಕೀಬೋರ್ಡಿನ ಬಲಮೂಲೆಯ ನಮ್ ಲಾಕ್ ಕೀಯನ್ನು ಮತ್ತೊಮ್ಮೆ ಒತ್ತಿದಳು. ಅದರ ಮೇಲಿದ್ದ ಸಾಸಿವೆ ಕಾಳಿನಷ್ಟು ಚಿಕ್ಕ ಹಸಿರು ದೀಪ ಸತ್ತೇ ಇತ್ತು. ಕ್ಯಾಪ್ಸ್ ಲಾಕ್ ಒತ್ತಿದಳು. ಅದೂ ಇಲ್ಲ.

ಪರದೆಯ ಮೇಲೆ ಅರವತ್ತಮೂರನೇ ಪ್ರಶ್ನೆ ಅರ್ಧಕ್ಕೆ ನಿಂತಿತ್ತು. ಒಂದು ಪದದ ನಡುವೆ ಸಣ್ಣ ಗೆರೆ ಮಿನುಗುತ್ತ ಮುಂದಿನ ಅಕ್ಷರಕ್ಕೆ ಕಾಯುತ್ತಿತ್ತು.

"ಓದಬೇಡಿ," ಎಂದ ಬೆನ್ನ ಹಿಂದೆ ನಿಂತಿದ್ದ ಕಾರ್ಯದರ್ಶಿ ಭಾರ್ಗವನ್ ನಂಬಿಯಾರ್. "ನಿಮ್ಮನ್ನ ಕರೆಸಿದ್ದು ಕೀಬೋರ್ಡ್ ನೋಡೋಕೆ. ಪ್ರಶ್ನೆಪತ್ರಿಕೆ ನೋಡೋಕಲ್ಲ."

"ಹಾಗಾದ್ರೆ ಪರದೆ ಮೇಲೆ ಒಂದು ಬಟ್ಟೆ ಹಾಕಿ ಸಾರ್. ನನ್ನ ಕಣ್ಣಿಗೆ ಕಟ್ಟಿದ್ರೆ ರಿಪೇರಿ ಆಗಲ್ಲ."

ನಂಬಿಯಾರ್ ತನ್ನ ಹೆಗಲ ಮೇಲಿದ್ದ ತೋರ್ತು ಟವೆಲನ್ನು ತೆಗೆದು ನಿಜವಾಗಿಯೂ ಪರದೆಯ ಮೇಲೆ ಹೊದಿಸಿದ. ಅದು ಜಾರದಂತೆ ಎರಡು ಸಲ ಎಳೆದು ಸರಿಮಾಡಿದ.

ಹೆದರದೆ ಇನ್ನೇನು? ಎರಡು ತಿಂಗಳಲ್ಲಿ ಎರಡು ಪ್ರಶ್ನೆಪತ್ರಿಕೆಗಳು ಕಲ್ಲಿಕೋಟೆಯ ಇದೇ ಕೋಣೆಯಿಂದ ಒಂದಕ್ಷರ ಬಿಡದೆ ಹೊರಬಿದ್ದಿದ್ದವು. ಎರಡೂ ನೇಮಕಾತಿ ಪರೀಕ್ಷೆಗಳು ರದ್ದಾಗಿದ್ದವು. ಮೂರನೆಯದು ಬರುವ ಭಾನುವಾರ. ಮೂವತ್ತೆಂಟು ಸಾವಿರ ಜನ ಅದಕ್ಕೆ ಓದಿ ಕೂತಿದ್ದರು. ಇವತ್ತು ಗುರುವಾರ. ಸಂಜೆಯೊಳಗೆ ಪತ್ರಿಕೆ ಮುದ್ರಣಾಲಯ ಸೇರದಿದ್ದರೆ 'ನೀತಿದೀಪಂ' ಎಂಬ ಈ ಪರೀಕ್ಷಾ ಸಂಸ್ಥೆಗೆ ಬೀಗ ಹಾಕುವುದೊಂದೇ ಉಳಿದ ಕೆಲಸ.

ಗೋಡೆಯ ಪಕ್ಕದ ಸ್ಟೂಲಿನ ಮೇಲೆ ವನಜಾಕ್ಷಿ ಕೂತಿದ್ದಳು. ಇಲ್ಲಿ ಬಂದ ಪ್ರಶ್ನೆಪತ್ರಿಕೆಗಳನ್ನೆಲ್ಲ ಇಪ್ಪತ್ತೊಂಬತ್ತು ವರ್ಷಗಳಿಂದ ಟೈಪ್ ಮಾಡುತ್ತ ಬಂದವಳು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಸೋರಿಹೋದ ಎರಡೂ ಪತ್ರಿಕೆಗಳಲ್ಲಿ ಅವಳ ಕೈಯಿಂದ ಆದ, ಆಮೇಲೆ ಅವಳೇ ತಿದ್ದಿದ ಕಾಗುಣಿತದ ತಪ್ಪುಗಳು ಹಾಗೆಯೇ ಇದ್ದವು. ತಿದ್ದುವ ಮೊದಲಿನ ತಪ್ಪುಗಳು ಅವಳನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಹಾಗಾಗಿ ಪೊಲೀಸರಿಗೆ ಬೇರೆ ಹೆಸರು ಹೊಳೆದಿರಲಿಲ್ಲ.

ಅವಳ ಬೆರಳುಗಳು ಮಡಿಲಲ್ಲಿ ಸುಮ್ಮನೆ ಆಡುತ್ತಿದ್ದವು, ಸೀರೆಯ ಅಂಚಿನ ಮೇಲೆ ಏನೋ ಟೈಪ್ ಮಾಡುತ್ತಿದ್ದ ಹಾಗೆ.

"ಸಾಕ್ಷಿ ಅಳಿಸಬೇಕು ಅಂತ ಇವಳೇ ಕೆಡಿಸಿದ್ದಾಳೆ," ಎಂದ ನಂಬಿಯಾರ್. "ಇಲ್ದಿದ್ರೆ ಇವತ್ತೇ ಯಾಕೆ ಕೆಡಬೇಕು?"

"ಕೆಡಿಸೋದಿದ್ರೆ ಎರಡು ತಿಂಗಳ ಹಿಂದೇನೇ ಕೆಡಿಸ್ತಿದ್ದೆ ಸಾರ್," ಎಂದಳು ವನಜಾಕ್ಷಿ. ದನಿ ಎಲ್ಲೋ ಒಳಗಿನಿಂದ ಬಂತು.

"ಇಬ್ಬರೂ ಸುಮ್ಮನಿರಿ," ಎಂದ ಕಿಟಕಿಯ ಬಳಿ ನಿಂತಿದ್ದ ಇನ್‌ಸ್ಪೆಕ್ಟರ್ ಪವಿತ್ರನ್. ಕ್ರೈಂ ಬ್ರಾಂಚಿನವನು. ಸಣಕಲು ಮನುಷ್ಯ, ಹೊಟ್ಟೆಯುರಿಗೆಂದು ಹೋದಲ್ಲೆಲ್ಲ ಜೀರಿಗೆ ನೀರಿನ ಬಾಟಲಿ ಹಿಡಿದೇ ತಿರುಗುತ್ತಿದ್ದ. ಸಾಬಿರಾಳಿಗೂ ಈ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲ ಎಂಬ ಒಂದೇ ಕಾರಣಕ್ಕೆ ಮಾವೂರು ರಸ್ತೆಯ ಅವಳ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅವಳು ಜೀಪು ಹತ್ತಿದ್ದನ್ನು ರಸ್ತೆಯ ಅರ್ಧ ಜನ ನೋಡಿದ್ದರು. ಸಂಜೆ ಮನೆಗೆ ಹೋಗುವಷ್ಟರಲ್ಲಿ ತಾಯಿ ಉಮ್ಮಾಳ ಕಿವಿಗೆ ಏನೇನು ಬಿದ್ದಿರುತ್ತದೋ ಎಂಬ ಚಿಂತೆ ಅವಳಿಗೂ ಇತ್ತು.

"ಎಷ್ಟು ಹೊತ್ತು ಬೇಕು?" ಎಂದು ಕೇಳಿದ ಪವಿತ್ರನ್.

"ಯಾವ ಕಾಯಿಲೆ ಅಂತ ಗೊತ್ತಾಗೋಕೆ ಹತ್ತು ನಿಮಿಷ. ಯಾಕೆ ಬಂತು ಅನ್ನೋದಕ್ಕೆ ಹೇಳೋಕಾಗಲ್ಲ ಸಾರ್."

ಅವಳು ಮೇಜಿನ ಕೆಳಗೆ ಬಗ್ಗಿದಳು. ಕಂಪ್ಯೂಟರಿನ ಹಿಂಭಾಗದ ಕಿಂಡಿಗಳಿಗೆಲ್ಲ ಅರಗಿನ ಮುದ್ರೆ ಒತ್ತಿತ್ತು. ಪೆನ್‌ಡ್ರೈವ್ ಹಾಕುವಂತಿಲ್ಲ, ಇಂಟರ್ನೆಟ್ ಇಲ್ಲ. ತೆರೆದಿದ್ದವು ಎರಡೇ: ಒಂದಕ್ಕೆ ಮೌಸ್, ಇನ್ನೊಂದಕ್ಕೆ ಕೀಬೋರ್ಡ್. ಮೌಸ್ ಓಡುತ್ತಿತ್ತು. ಕೀಬೋರ್ಡಿನ ಪಿನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದಳು. ದೀಪವಿಲ್ಲ.

ಚೀಲದಿಂದ ತನ್ನದೇ ಒಂದು ಹಳೇ ಕೀಬೋರ್ಡ್ ತೆಗೆದು ಅದೇ ಕಿಂಡಿಗೆ ಹಾಕಿದಳು. ಹಸಿರು ದೀಪ ಥಟ್ಟನೆ ಹತ್ತಿತು.

"ಕಂಪ್ಯೂಟರ್ ಸರಿ ಇದೆ. ಕಿಂಡೀನೂ ಸರಿ ಇದೆ."

ಕೆಟ್ಟದ್ದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅಲ್ಲೂ ಉಸಿರಿಲ್ಲ. ವೈರು ಕೀಬೋರ್ಡಿನೊಳಗೆ ಹೋಗುವ ಕತ್ತಿನ ಜಾಗವನ್ನು ಹಿಡಿದು ಆಚೀಚೆ ಬಗ್ಗಿಸಿದಳು. ಸಾಮಾನ್ಯವಾಗಿ ಅಲ್ಲೇ ತಂತಿ ತುಂಡಾಗುವುದು. ಬಗ್ಗಿಸಿದಾಗ ಒಮ್ಮೆಯಾದರೂ ದೀಪ ಮಿಣಕ್ಕೆನ್ನಬೇಕು. ಅನ್ನಲಿಲ್ಲ.

"ಚಾ ಚೆಲ್ಲಿದ್ರಾ ಚೇಚಿ?" ಎಂದು ವನಜಾಕ್ಷಿಯನ್ನು ಅಕ್ಕನನ್ನು ಕೇಳುವ ಹಾಗೆ ಕೇಳಿದಳು.

"ಈ ಕೋಣೆಗೆ ನೀರೂ ತರೋ ಹಾಗಿಲ್ಲ ಮೋಳೇ," ಎಂದಳು ವನಜಾಕ್ಷಿ, ಮಗಳನ್ನು ಕರೆದ ಹಾಗೆ.

"ಬೀಳಿಸಿದ್ರಾ?"

ವನಜಾಕ್ಷಿ ಕಾರ್ಯದರ್ಶಿಯ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಹತ್ತೂವರೆ ಹೊತ್ತಿಗೆ ಸಾರ್ ಬಂದು ಮೇಜು ಕುಟ್ಟಿದ್ರು. ಇನ್ನೂ ಅರವತ್ತಮೂರರಲ್ಲೇ ಇದ್ದೀಯಾ ಅಂತ. ಆಮೇಲೆ ಒಂದಕ್ಷರಾನೂ ಬೀಳಲಿಲ್ಲ."

"ಮೇಜು ಕುಟ್ಟಿದ್ರೆ ಕೀಬೋರ್ಡ್ ಕೆಡುತ್ತಾ?" ನಂಬಿಯಾರನ ಮುಖ ಕೆಂಪಾಯಿತು.

"ಕೆಡಬಾರ್ದು ಸಾರ್," ಎಂದಳು ಸಾಬಿರಾ. "ಅದೇ ನನಗೂ ಅರ್ಥ ಆಗ್ತಿಲ್ಲ."

ಅವಳು ಕೀಬೋರ್ಡನ್ನು ಬೋರಲು ಹಾಕಿದಳು. ಹೊಟ್ಟೆಯ ಮೇಲೆ ಕಂಪನಿಯ ಚೀಟಿ. ಅದರ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿದರೆ ಗೋಂದು ಅಂಟಂಟಾಗಿ ಎಳೆಯಿತು. ಕಾರ್ಖಾನೆಯ ಗೋಂದು ವರ್ಷಗಟ್ಟಲೆ ಇದ್ದು ಒಣಗಿ ಪುಡಿಯಾಗಿರಬೇಕಿತ್ತು. ಚೀಟಿಯ ಅಡಿಯಲ್ಲಿ ಒಂದು ಸ್ಕ್ರೂ. ಅದರ ತಲೆಯ ಗೀರು ಸವೆದಿತ್ತು.

"ಇದನ್ನ ಯಾರೋ ಒಂದ್ಸಲ ಬಿಚ್ಚಿದ್ದಾರೆ," ಎಂದಳು.

ಪವಿತ್ರನ್ ಜೀರಿಗೆ ನೀರಿನ ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಹತ್ತಿರ ಬಂದ.

ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿ ಅವಳು ಮುಚ್ಚಳ ತೆಗೆದಳು. ಒಳಗೆ ಪ್ಲಾಸ್ಟಿಕ್ಕಿನ ಹಾಳೆ ಸ್ವಚ್ಛವಾಗಿತ್ತು. ಕರೆಯಿಲ್ಲ, ಇರುವೆಗೂಡಿಲ್ಲ, ಬಿಸ್ಕತ್ತಿನ ಪುಡಿಯೂ ಇಲ್ಲ. ಇಷ್ಟು ಶುಚಿಯಾದ ಕೀಬೋರ್ಡನ್ನು ಅವಳು ಹದಿನಾರು ವರ್ಷಗಳ ಅಂಗಡಿಯಲ್ಲಿ ಕಂಡಿರಲಿಲ್ಲ.

ಮೂಲೆಯಲ್ಲಿ ಬೆರಳುದ್ದದ ಹಸಿರು ಸರ್ಕ್ಯೂಟ್ ಬಿಲ್ಲೆ. ಕೀಗಳಿಗೆಲ್ಲ ಅದೇ ತಲೆ. ಹೊರಗಿನಿಂದ ಬಂದ ನಾಲ್ಕು ತಂತಿಗಳು ನೇರ ಅದಕ್ಕೆ ಹೋಗಿ ಸೇರಬೇಕು. ಇಲ್ಲಿ ಸೇರಿರಲಿಲ್ಲ. ದಾರಿಯಲ್ಲಿ ಇನ್ನೊಂದು ಬಿಲ್ಲೆ ಇತ್ತು, ಹೆಬ್ಬೆರಳಿನ ಉಗುರಿನಷ್ಟೇ ಗಾತ್ರದ್ದು. ತಂತಿಗಳು ಮೊದಲು ಅದರೊಳಗೆ ಹೋಗಿ, ಅಲ್ಲಿಂದ ಹೊರಟು, ಆಮೇಲೆ ದೊಡ್ಡ ಬಿಲ್ಲೆಗೆ ಹೋಗಿದ್ದವು. ಕೆಂಪು ತಂತಿ ಅದರಿಂದ ಕಳಚಿ ಗಾಳಿಯಲ್ಲಿ ನಿಂತಿತ್ತು. ಬೆಸುಗೆ ಒರಟು ಕೈಯದು. ಮೇಜು ಅದುರಿದ ಹೊಡೆತಕ್ಕೆ ಬಿಟ್ಟುಕೊಂಡಿತ್ತು.

ಸಾಬಿರಾ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಏನದು?" ಎಂದ ಪವಿತ್ರನ್.

"ಇದು ಕೀಬೋರ್ಡಿನದ್ದಲ್ಲ ಸಾರ್. ಆಮೇಲೆ ಕೂಡಿಸಿದ್ದು." ಅವಳ ದನಿ ತಾನಾಗಿ ತಗ್ಗಿತು. "ಚೇಚಿ ಒತ್ತಿದ ಪ್ರತಿಯೊಂದು ಅಕ್ಷರಾನೂ ಮೊದಲು ಇದರ ಕೈಗೆ ಬಂದು ಆಮೇಲೆ ಕಂಪ್ಯೂಟರಿಗೆ ಹೋಗ್ತಿತ್ತು. ತಪ್ಪು ಮಾಡಿ ಅಳಿಸಿದ್ದೂ ಸೇರಿ."

ವನಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ಅಳತೊಡಗಿದಳು, ಸದ್ದಿಲ್ಲದೆ, ಭುಜ ಕುಣಿಯುತ್ತ. ಎರಡು ತಿಂಗಳಿಂದ ಯಾರೂ ನಂಬದ ಮಾತಿಗೆ ಉಗುರಿನಷ್ಟು ಬಿಲ್ಲೆಯೊಂದು ಸಾಕ್ಷಿ ಹೇಳಿತ್ತು.

ನಂಬಿಯಾರ್ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಇದರಿಂದ ಹೊರಗೆ ಹೇಗೆ ಹೋಗುತ್ತೆ?" ಪವಿತ್ರನ್ ಕೇಳಿದ. "ಕೀಬೋರ್ಡ್ ಈ ಕೋಣೆ ಬಿಟ್ಟು ಹೋಗಲ್ವಲ್ಲ."

ಸಾಬಿರಾ ಬಿಲ್ಲೆಯ ಅಂಚಿನಲ್ಲಿದ್ದ ಹಾವಿನ ನಡೆಯ ಹಾಗೆ ಬಳುಕಿದ ಸಣ್ಣ ಗೆರೆಯನ್ನು ತೋರಿಸಿದಳು. "ಇದು ಏರಿಯಲ್. ಕಿವಿಗೆ ಹಾಕ್ಕೊಳ್ಳೋ ವೈರಿಲ್ಲದ ಇಯರ್‌ಫೋನ್ ಇರುತ್ತಲ್ಲ, ಅದೇ ತರ. ಮೂವತ್ತು ಹೆಜ್ಜೆ ಒಳಗೆ ಇದಕ್ಕೆ ಜೋಡಿ ಮಾಡಿದ ಫೋನ್ ಒಂದಿದ್ರೆ ಸಾಕು. ಅದು ಎಲ್ಲಾ ಇಸ್ಕೊಂಡು ಇಂಟರ್ನೆಟ್ಟಲ್ಲಿ ಬೇಕಾದ ಕಡೆ ಕಳಿಸುತ್ತೆ."

"ಮೂವತ್ತು ಹೆಜ್ಜೆ," ಎಂದ ಪವಿತ್ರನ್. "ಅಂದ್ರೆ ಈ ಕಟ್ಟಡದ ಒಳಗೆ."

ಮೊದಲ ಸೋರಿಕೆಯಾದ ಮೇಲೆ ಬಂದ ನಿಯಮದ ಪ್ರಕಾರ ಟೈಪಿಂಗ್ ದಿನ ಉಳಿದ ಸಿಬ್ಬಂದಿಗೆಲ್ಲ ರಜೆ. ಇವತ್ತು ಕಟ್ಟಡದಲ್ಲಿ ಇದ್ದವರು ಕಾರ್ಯದರ್ಶಿ, ವನಜಾಕ್ಷಿ, ಕೆಳಗೆ ಬಾಗಿಲಲ್ಲಿ ಕಾವಲುಗಾರ ಕುಂಞಂಬು, ಅವನ ಪಕ್ಕದ ಕೋಣೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಲೋನಪ್ಪನ್. ಎರಡು ಸಲ ಸೋರಿದಾಗಲೂ ಈ ನಾಲ್ವರೂ ಇದ್ದರು.

ಕೀಬೋರ್ಡ್ ಸ್ಟೋರಿನ ಸಾಮಾನು. ಪವಿತ್ರನ್ ಮೆಟ್ಟಿಲಿಳಿದು ನೇರ ಲೋನಪ್ಪನನ ಕೋಣೆಗೆ ಹೋದ. ಬಿಚ್ಚಿದ ಕೀಬೋರ್ಡನ್ನು ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಸಾಬಿರಾ ಹಿಂದೆ ಹೋದಳು. ನಂಬಿಯಾರ್, ವನಜಾಕ್ಷಿ ಅವಳ ಹಿಂದೆ.

ತ್ರಿಶ್ಶೂರಿನ ಕಡೆಯವನಾದ ಲೋನಪ್ಪನ್ ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಕೇಳಿದ ಕೂಡಲೇ ಉದ್ದನೆಯ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟ. ಪೆನ್ಸಿಲು ಎಷ್ಟು ಬಂತು, ಪೊರಕೆ ಯಾವಾಗ ಹೋಯಿತು, ಎಲ್ಲ ಅದರಲ್ಲಿತ್ತು. ಪವಿತ್ರನ್ ಬೆರಳಿಟ್ಟು ಕೆಳಗೆ ಕೆಳಗೆ ಬಂದ.

"ಮೇ ಹದಿನಾಲ್ಕು. ಟೈಪಿಂಗ್ ಕೋಣೆಯ ಕೀಬೋರ್ಡ್, ಸ್ಪೇಸ್ ಬಾರ್ ಸಿಕ್ಕಿಕೊಳ್ಳುತ್ತಿದೆ, ರಿಪೇರಿಗೆ ಹೊರಗೆ. ಮೇ ಹದಿನಾರು, ಒಳಗೆ." ಅವನು ತಲೆ ಎತ್ತಿದ. "ಮೊದಲನೇ ಪತ್ರಿಕೆ ಸೋರಿದ್ದು ಜೂನಿನಲ್ಲಿ. ಯಾವ ಅಂಗಡಿಗೆ ಕಳಿಸಿದ್ರಿ?"

"ನೆನಪಿಲ್ಲ ಸಾರ್."

"ಯಾರು ತಗೊಂಡು ಹೋಗಿದ್ದು? 'ಒಯ್ದವರು' ಅನ್ನೋ ಕಡೆ ಹೆಸರೇ ಇಲ್ಲ."

"ಬರೆಯೋದು ಮರ್ತಿರಬೇಕು."

ಪವಿತ್ರನ್ ಹತ್ತು ಪುಟ ಹಿಂದಕ್ಕೆ ತಿರುವಿದ, ಹತ್ತು ಪುಟ ಮುಂದಕ್ಕೆ. "ಗುಂಡುಪಿನ್ನು ಯಾರು ಒಯ್ದ್ರು ಅಂತಾನೂ ಬರ್ದಿದ್ದೀರಿ. ಇಡೀ ಪುಸ್ತಕದಲ್ಲಿ ಖಾಲಿ ಇರೋದು ಇದೊಂದೇ ಮನೆ. ಅದೊಂದೇ ಮರ್ತುಹೋಯ್ತಾ?"

ಲೋನಪ್ಪನ್ ಕನ್ನಡಕ ತೆಗೆದು ಷರಟಿನ ತುದಿಯಿಂದ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ.

"ಲೋನಪ್ಪನ್, ನಿಮಗೆ ಅರ್ಥ ಆಗ್ತಿದೆಯಾ? ಹೆಸರು ಹೇಳ್ದಿದ್ರೆ ಇದು ನಿಮ್ಮ ತಲೆ ಮೇಲೆ ಬರುತ್ತೆ."

"ಬರ್ಲಿ ಸಾರ್."

"ಜೈಲಿಗೆ ಹೋಗ್ತೀರಿ."

"ನನ್ನ ಹೆಸರೇ ಬರ್ಕೊಳ್ಳಿ. ನಾನು ಹೇಳೋದು ಇನ್ನೇನೂ ಇಲ್ಲ."

"ನೋಡಿದ್ರಾ ಕಳ್ಳನನ್ನ," ಎಂದ ನಂಬಿಯಾರ್. "ಅನ್ನ ಹಾಕಿದ ಕಡೆ—"

"ಸಾರ್, ಒಂದು ನಿಮಿಷ," ಎಂದಳು ಸಾಬಿರಾ.

ಲೋನಪ್ಪನನ ಮುಖದಲ್ಲಿ ಅವಳಿಗೆ ಕಂಡದ್ದು ಕಳ್ಳನ ಭಯವಲ್ಲ. ಅದೇನೆಂದು ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಆದರೆ ಕೈಯಲ್ಲಿದ್ದ ಬಿಲ್ಲೆಯ ವಿಷಯ ಅವಳಿಗೆ ಗೊತ್ತಿತ್ತು. "ಇದರ ಜೋಡಿ ಯಾರ ಹತ್ರ ಇದೆ ಅಂತ ಇದನ್ನೇ ಕೇಳಬಹುದು. ಕೆಂಪು ತಂತಿ ಮತ್ತೆ ಬೆಸೆದು ಜೀವ ಕೊಟ್ರೆ ಅದು ತನ್ನ ಜೋಡಿ ಹುಡುಕುತ್ತೆ. ಹುಡುಕೋವಾಗ ಇದರ ದೀಪ ಮಿನುಗುತ್ತೆ. ಸಿಕ್ಕಿದ ಮೇಲೆ ಅಲುಗಾಡದೆ ಉರಿಯುತ್ತೆ."

ಪವಿತ್ರನ್ ಅವಳನ್ನೇ ನೋಡಿದ. "ಮಾಡಿ."

ಬಾಗಿಲಿನ ಬಳಿ ಕುಂಞಂಬುವಿನ ಮೇಜಿನ ಮೇಲೆ ಅವಳು ಬೆಸುಗೆ ಕಡ್ಡಿ ಕಾಯಿಸಿದಳು. ಅದೇ ಮೇಜಿನ ಮೇಲೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎಲ್ಲರ ಫೋನುಗಳಿದ್ದವು. ಮಹಡಿಗೆ ಫೋನ್ ಒಯ್ಯುವಂತಿರಲಿಲ್ಲ. ಟೈಪಿಂಗ್ ಕೋಣೆ ಸರಿಯಾಗಿ ಈ ಮೇಜಿನ ತಲೆಯ ಮೇಲೇ ಇತ್ತು. ಈ ಮಾತು ಅವಳಿಗೂ ಪವಿತ್ರನಿಗೂ ಒಟ್ಟಿಗೇ ಹೊಳೆಯಿತು. ಪವಿತ್ರನ್ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

ಹೊಗೆಯ ಒಂದು ಎಳೆ ಎದ್ದಿತು. ತಂತಿ ಕೂತಿತು. ಸಾಬಿರಾ ಪಿನ್ನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು.

ನಮ್ ಲಾಕಿನ ಹಸಿರು ದೀಪ ಹತ್ತಿತು. ಕೆಟ್ಟ ಕೀಬೋರ್ಡ್ ಸರಿಯಾಗಿತ್ತು. ಅದರ ಒಳಗೆ, ಸಣ್ಣ ಬಿಲ್ಲೆಯ ಅಂಚಿನಲ್ಲಿ, ನೀಲಿ ಚುಕ್ಕೆಯೊಂದು ಮಿನುಗತೊಡಗಿತು.

ಒಂದು. ಎರಡು. ಮೂರು. ನಾಲ್ಕನೇ ಸಲ ಆರಲಿಲ್ಲ. ಉರಿಯುತ್ತಲೇ ನಿಂತಿತು.

ಕುಂಞಂಬು ಎದ್ದುನಿಂತ.

"ಬಾಗಿಲು ಹಾಕು," ಎಂದ ಪವಿತ್ರನ್.

"ಈಗ ಒಂದೊಂದೇ ಫೋನ್ ಆಫ್ ಮಾಡೋಣ ಸಾರ್," ಎಂದಳು ಸಾಬಿರಾ. "ಯಾವುದು ಆಫ್ ಆದಾಗ ಇದು ಮತ್ತೆ ಮಿನುಗುತ್ತೋ ಅದೇ ಜೋಡಿ. ಮೊದಲು ನನ್ನದು. ಆಮೇಲೆ ನಿಮ್ಮದು."

"ನನ್ನದಾ?"

"ಎಲ್ಲರದ್ದೂ ಅಂದ್ರೆ ಎಲ್ಲರದ್ದೂ."

ಪವಿತ್ರನ್ ಜೇಬಿನಿಂದ ಫೋನ್ ತೆಗೆದು ಆಫ್ ಮಾಡಿದ. ನೀಲಿ ಚುಕ್ಕೆ ಕದಲಲಿಲ್ಲ. ಸಾಬಿರಾ ತನ್ನದನ್ನು ಮೊದಲೇ ಆಫ್ ಮಾಡಿದ್ದಳು. ಕುಂಞಂಬುವಿನದು ಗುಂಡಿ ಒತ್ತುವ ಹಳೇ ಫೋನು. ಅದನ್ನೂ ಆಫ್ ಮಾಡಿದರು. ಚುಕ್ಕೆ ಹಾಗೆಯೇ ಇತ್ತು.

ನಂಬಿಯಾರನ ಫೋನ್. ಆಫ್ ಆಯಿತು. ಚುಕ್ಕೆ ಉರಿಯುತ್ತಿತ್ತು.

"ಇನ್ನೊಂದು?" ಎಂದ ಪವಿತ್ರನ್.

"ಯಾವ ಇನ್ನೊಂದು?"

"ನಿಮ್ಮ ಎಡಗಡೆ ಜೇಬಲ್ಲಿರೋದು ಸಾರ್. ಬೆಳಿಗ್ಗೆಯಿಂದ ಮೂರು ಸಲ ಮುಟ್ಟಿ ನೋಡ್ಕೊಂಡ್ರಿ."

ಕಾರ್ಯದರ್ಶಿ ಎಡಗಡೆ ಜೇಬಿಗೆ ಕೈ ಹಾಕಿದ. ತಾನೇ ಬರೆದ ನಿಯಮವನ್ನು ತಾನೇ ಮುರಿದು ಇಟ್ಟುಕೊಂಡಿದ್ದ ಫೋನನ್ನು ತೆಗೆದು ಮೇಜಿನ ಮೇಲಿಟ್ಟ. "ಹೆಂಡತಿ ಆಸ್ಪತ್ರೇಲಿದ್ದಾಳೆ," ಎಂದ ಯಾರನ್ನೂ ನೋಡದೆ. "ಡಾಕ್ಟರ್ ಫೋನ್ ಮಾಡ್ತೀನಿ ಅಂದಿದ್ರು."

ಅದೂ ಆಫ್ ಆಯಿತು. ಸಾಬಿರಾ ಬಿಲ್ಲೆಯ ಕಡೆ ಬಗ್ಗಿದಳು. ಚುಕ್ಕೆ ಉರಿಯುತ್ತಿತ್ತು.

ಉಳಿದದ್ದು ಎರಡು. ಲೋನಪ್ಪನ್ ತನ್ನದನ್ನು ತಾನೇ ಎತ್ತಿಕೊಂಡ. ಗುಂಡಿ ಸಿಗಲಿಲ್ಲ, ಕುಂಞಂಬು ಒತ್ತಿಕೊಟ್ಟ. ಪರದೆ ಕಪ್ಪಾಯಿತು.

ಚುಕ್ಕೆ ಉರಿಯುತ್ತಿತ್ತು.

ಲೋನಪ್ಪನ್ ಕಣ್ಣು ಮುಚ್ಚಿಕೊಂಡ.

ಬುಟ್ಟಿಯಲ್ಲಿ ಒಂದೇ ಫೋನ್ ಉಳಿದಿತ್ತು. ಹೊಸದು, ಹೊಳೆಯುವ ಬೆನ್ನಿನದು, ನೇರಳೆ ಬಣ್ಣದ ಕವಚ. ವನಜಾಕ್ಷಿ ಅದನ್ನು ಬೇರೆಯವರ ಸಾಮಾನೆಂಬಂತೆ ನೋಡುತ್ತ ನಿಂತಿದ್ದಳು. ಪವಿತ್ರನ್ ಅದನ್ನು ಎತ್ತಿಕೊಂಡು ಪಕ್ಕದ ಗುಂಡಿಯನ್ನು ಒತ್ತಿ ಹಿಡಿದ.

ನೀಲಿ ಚುಕ್ಕೆ ಆರಿತು. ಹತ್ತಿತು. ಮತ್ತೆ ಆರಿತು. ಜೋಡಿ ಕಳೆದುಕೊಂಡು ಹುಡುಕತೊಡಗಿತು.

"ಇಲ್ಲ," ಎಂದಳು ವನಜಾಕ್ಷಿ. ಸಾಬಿರಾಳಿಗೆ ಮಾತ್ರ ಕೇಳಿಸುವಷ್ಟು.

"ಈ ಫೋನ್ ನಿಮಗೆ ಯಾರು ಕೊಟ್ಟಿದ್ದು?" ಪವಿತ್ರನ್ ಜೋರು ಮಾಡಲಿಲ್ಲ. ಆ ಮೆತ್ತನೆಯ ದನಿಯೇ ಹೆಚ್ಚು ಹೆದರಿಸುವಂತಿತ್ತು.

ಅವಳ ಮುಖದಲ್ಲಿ ಏನೇನೋ ಹಾದುಹೋಯಿತು. ಮೊದಲು ಗೊಂದಲ. ಆಮೇಲೆ, ಎಣಿಕೆ ಮಾಡಿದ ಹಾಗೆ, ಒಂದರ ಮೇಲೊಂದು ನೆನಪು. ಕೊನೆಗೆ ಮುಖ ಖಾಲಿಯಾಯಿತು.

"ನಾನೇ ತಗೊಂಡೆ."

"ಯಾವ ಅಂಗಡೀಲಿ?"

"ನೆನಪಿಲ್ಲ."

"ಚೇಚಿ," ಎಂದ ಲೋನಪ್ಪನ್. ಕಣ್ಣು ತೆರೆದಿರಲಿಲ್ಲ. "ಇನ್ನು ಮುಚ್ಚಿಡೋಕಾಗಲ್ಲ. ಸಾರ್, ಆ ಕೀಬೋರ್ಡ್ ನಾನು ಯಾವ ಅಂಗಡಿಗೂ ಕಳಿಸಿಲ್ಲ. ಕಳಿಸಿದ್ರೆ ಬರೋದು ಹದಿನೈದು ದಿನ. ಚೇಚಿಗೆ ಕೆಲಸ ನಿಲ್ಲುತ್ತೆ ಅಂತ ಗಾಬರಿ. ಮನೇಲೇ ಸರಿ ಮಾಡಿಸ್ಕೊಂಡು ಬರ್ತೀನಿ ಅಂದ್ರು. ಹಾಗೆ ಕೊಡೋಕೆ ನಿಯಮ ಇಲ್ಲ, ಅದಕ್ಕೇ ಹೆಸರು ಬರೀಲಿಲ್ಲ. ಚೇಚಿ ಅಂಥವರಲ್ಲ ಅಂತ ನನಗೆ ಗೊತ್ತು. ಹೆಸರು ಹೇಳಿದ್ರೆ ಅವರನ್ನೇ ಹಿಡೀತೀರಿ ಅಂತ ಸುಮ್ಮನಿದ್ದೆ."

"ಮನೇಲಿ ಯಾರು ಸರಿ ಮಾಡಿದ್ದು?"

ವನಜಾಕ್ಷಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಪವಿತ್ರನ್ ಪ್ರಕರಣದ ಕಡತ ತರಿಸಲಿಲ್ಲ. ಅದರಲ್ಲಿದ್ದದ್ದು ಅವನಿಗೆ ಬಾಯಿಪಾಠವಾಗಿತ್ತು. "ನಿಮ್ಮ ಅಳಿಯ ಉದಯನ್. ಕಟ್ಟಡಗಳಿಗೆ ಸಿಸಿಟಿವಿ ಕ್ಯಾಮೆರಾ ಕೂಡಿಸೋ ಕೆಲಸ. ನಿಮ್ಮ ಜೊತೆಗೇ ಇರೋದು. ಬೆಸುಗೆ, ವೈರು, ಎಲ್ಲ ಗೊತ್ತಿರೋನು."

"ಅವನ ಹೆಸರು ತರಬೇಡಿ ಸಾರ್." ಈಗ ಅವಳ ದನಿ ಗಟ್ಟಿಯಾಗಿತ್ತು. ಎರಡು ತಿಂಗಳಲ್ಲಿ ಮೊದಲ ಸಲ. "ನನ್ನ ಮಗಳು ಏಳು ತಿಂಗಳ ಬಸುರಿ. ಮನೆಗೆ ಪೊಲೀಸ್ ಕಳಿಸಬೇಡಿ. ನಾನೇ ಮಾಡಿದ್ದು. ಬಿಚ್ಚಿದ್ದೂ ನಾನೇ, ಇಟ್ಟಿದ್ದೂ ನಾನೇ, ಕೊಟ್ಟಿದ್ದೂ ನಾನೇ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ನಂಬಿಯಾರ್ ಬಾಯಿ ತೆರೆದ. ಬೆಳಿಗ್ಗೆಯಿಂದ ಅವನು ಹೇಳುತ್ತಿದ್ದ ಮಾತನ್ನೇ ಅವಳು ಒಪ್ಪಿಕೊಂಡಿದ್ದಳು. ಆದರೂ ಅವನಿಗೆ ಗೆದ್ದ ಹಾಗೆ ಅನಿಸಿದಂತೆ ಕಾಣಲಿಲ್ಲ.

ಸಾಬಿರಾ ಬೆಸುಗೆ ಕಡ್ಡಿಯನ್ನು ಎತ್ತಿ ಹಿಡಿದಳು. ತುದಿ ಇನ್ನೂ ಬಿಸಿಯಾಗಿತ್ತು. "ಚೇಚಿ, ಇದನ್ನ ಹೇಗೆ ಹಿಡ್ಕೋತೀರಿ, ತೋರ್ಸಿ."

ವನಜಾಕ್ಷಿ ಕೈ ಚಾಚಿದಳು. ನೇರ ಬಿಸಿ ತುದಿಯ ಕಡೆಗೇ. ಸಾಬಿರಾ ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಇವರು ಜೀವಮಾನದಲ್ಲಿ ಇದನ್ನ ಮುಟ್ಟಿಲ್ಲ ಸಾರ್."

"ಗೊತ್ತು," ಎಂದ ಪವಿತ್ರನ್. ಅವನು ನೇರಳೆ ಫೋನನ್ನು ಮತ್ತೆ ಆನ್ ಮಾಡಿ ಅವಳ ಮುಂದೆ ಹಿಡಿದ. "ಇದರ ಒಳಗೆ ಏನಿದೆ ಅಂತ ನೋಡ್ಬೇಕು. ನಂಬರ್ ಒತ್ತಿ."

ಅವಳು ಒತ್ತಿದಳು. ಇಷ್ಟು ವರ್ಷ ತಪ್ಪದ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ ಫೋನ್ ತೆರೆದುಕೊಂಡಿತು. ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದ ಕೀಬೋರ್ಡಿನಲ್ಲಿ ನೀಲಿ ಚುಕ್ಕೆ ಒಮ್ಮೆ ಮಿನುಗಿ ನಿಂತು ಉರಿಯತೊಡಗಿತು.

ಅದೇ ಹೊತ್ತಿಗೆ ಫೋನ್ ಕೂಗಿತು.

ಎಲ್ಲರೂ ಬೆಚ್ಚಿದರು. ಪರದೆಯ ಮೇಲೆ 'ಮೋಳ್' ಎಂದಿತ್ತು. ಜೊತೆಗೆ ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದ ಹೆಂಗಸಿನ ಚಿತ್ರ.

"ಶ್ರೀಬಾಲಾ," ಎಂದಳು ವನಜಾಕ್ಷಿ. "ನನ್ನ ಮಗಳು. ದಿನಾ ಒಂದೂಕಾಲಿಗೆ, ನಾನು ಊಟಕ್ಕೆ ಕೆಳಗೆ ಬಂದಾಗ ಮಾಡ್ತಾಳೆ. ಊಟ ಆಯ್ತಾ ಅಂತ ಕೇಳೋಕೆ. ಅವಳಿಗೇನೂ ಗೊತ್ತಿಲ್ಲ ಸಾರ್. ಅವಳಿಗೆ ಹೇಳಬೇಡಿ. ಈ ಸ್ಥಿತೀಲಿ ಹೇಳಬೇಡಿ."

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹದಿನಾರು ನಿಮಿಷ. ಪವಿತ್ರನ್ ಗಳಿಗೆ ಯೋಚಿಸಿದ. ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಸಣ್ಣಗೆ ಕೇಳುವಂತೆ ಸ್ಪೀಕರ್ ಹಾಕಿದ. ಮಾತಾಡಿ ಎಂದು ಕಣ್ಣಲ್ಲೇ ಹೇಳಿದ.

"ಹಲೋ, ಮೋಳೇ."

"ಅಮ್ಮಾ, ಎಷ್ಟೊತ್ತಿಂದ ಆಫ್ ಬರ್ತಿದೆ. ಗಾಬರಿ ಆಯ್ತು ನನಗೆ." ಎಳೆಯ, ಅಕ್ಕರೆಯ ದನಿ. "ಊಟ ಆಯ್ತಾ? ಉಪ್ಪೇರಿ ಪಲ್ಯ ಹಳಸಿರಲಿಲ್ಲ ತಾನೇ?"

"ಇಲ್ಲ ಮೋಳೇ. ಚೆನ್ನಾಗಿತ್ತು."

"ಮಾತ್ರೆ ತಗೊಂಡ್ರಾ?"

"ತಗೊಂಡೆ."

ವನಜಾಕ್ಷಿಯ ಕಣ್ಣಲ್ಲಿ ನೀರು ತುಂಬಿತ್ತು. ಮುಖದಲ್ಲಿ ಮಾತ್ರ, ನೋಡಿದ್ರಾ ನನ್ನ ಮಗಳನ್ನ ಎನ್ನುವಂಥ ಒಂದು ಬೆಳಕು. ಪವಿತ್ರನ್ ಫೋನಿನ ಕಡೆ ಕೈ ಚಾಚಿದ. ಸಾಕು, ಇದರಲ್ಲೇನೂ ಇಲ್ಲ ಎಂದು ಅವನಿಗೂ ಅನಿಸಿರಬೇಕು.

"ಮತ್ತೆ ಅಮ್ಮಾ," ಎಂದಿತು ಫೋನಿನೊಳಗಿನ ದನಿ, ಅದೇ ಅಕ್ಕರೆಯಲ್ಲಿ. "ಇವತ್ತು ಯಾಕೆ ಅರವತ್ತಮೂರರಲ್ಲೇ ನಿಲ್ಲಿಸಿಬಿಟ್ರಿ?"

ಪವಿತ್ರನ್ ಚಾಚಿದ ಕೈ ಅಲ್ಲೇ ನಿಂತಿತು.

ಸಾಬಿರಾ ವನಜಾಕ್ಷಿಯ ಕಡೆ ನೋಡಬಾರದೆಂದುಕೊಂಡಳು. ಆದರೂ ನೋಡಿದಳು. ಆ ಮುಖವನ್ನು ಅವಳು ಎಷ್ಟೋ ದಿನ ಮರೆಯಲಾರಳು.

"ಅಮ್ಮಾ? ಕೇಳಿಸ್ತಾ?"

ವನಜಾಕ್ಷಿ ಮೇಜಿನ ಅಂಚು ಹಿಡಿದುಕೊಂಡಳು.

"ಅಮ್ಮಾ." ದನಿ ಬದಲಾಯಿತು. ಅಕ್ಕರೆ ಒರೆಸಿ ಹಾಕಿದ ಹಾಗೆ ಹೋಗಿತ್ತು. "ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ಐದು ಜನ ಒಬ್ಬಳನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಫೋನ್ ಇಡು ಅಂದರೆ ಸಾಕಿತ್ತು. ಹೂಂ ಅಂದರೂ ಸಾಕಿತ್ತು. ಮನೆಯಲ್ಲಿರುವ ಸಾಕ್ಷಿಯೆಲ್ಲ ಹತ್ತು ನಿಮಿಷದಲ್ಲಿ ಬೂದಿಯಾಗುತ್ತಿತ್ತು. ಉಳಿಯುತ್ತಿದ್ದದ್ದು ವನಜಾಕ್ಷಿಯ ತಪ್ಪೊಪ್ಪಿಗೆ ಮಾತ್ರ. ಪವಿತ್ರನ್ ಅವಳ ಬಾಯಿ ಮುಚ್ಚುವಂತಿರಲಿಲ್ಲ, ಮಾತಾಡಿಸುವಂತೆಯೂ ಇರಲಿಲ್ಲ.

ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಂಞಂಬುವಿನ ಕುರ್ಚಿಯನ್ನು ಎಳೆದುಕೊಂಡು ಕೂತಳು. ಫೋನನ್ನು ಎರಡು ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು.

"ಇಲ್ಲ ಮೋಳೇ," ಎಂದಳು. "ಯಾರೂ ಇಲ್ಲ. ನೀನು ಹೇಳು."